ಎರಡು ಕೆಂಪು ಗೀಟಿನ ಡ್ರಮ್ಮು

“ಯಾವ ಡ್ರಮ್ಮೇ ಮುಂಡೆ, ಯಾವ ಡ್ರಮ್ಮು? ಅಂಗಳದ ತುಂಬ ಸಾವಿರ ಡ್ರಮ್ಮು ಬಿದ್ದಿವೆ. ಒಂದೊಂದಕ್ಕೂ ಹೆಸರಿಟ್ಟು ತೊಟ್ಟಿಲು ತೂಗ್ತಾ ಕೂತಿದೀನಾ ನಾನು?”

ತೊಟ್ಟಿಲು ಎಂಬ ಮಾತು ಬಾಯಿಂದ ಬಿದ್ದ ಮೇಲೂ ಸಾಹುಕಾರನಿಗೆ ಏನೂ ಅನ್ನಿಸಲಿಲ್ಲ. ಎದುರಿಗೆ ನಿಂತಿದ್ದ ಕೂಲಿ ಹೆಂಗಸು ದೊಡ್ಡಕ್ಕನ ಮೊಮ್ಮಗನನ್ನು ಮಣ್ಣು ಮಾಡಿ ಇನ್ನೂ ಒಂದು ಹಗಲು ಕಳೆದಿರಲಿಲ್ಲ. ಮೂರು ತಿಂಗಳ ಕೂಸು. ಅದರ ತಾಯಿ, ದೊಡ್ಡಕ್ಕನ ಒಬ್ಬಳೇ ಮಗಳು, ದೊಡ್ಡಾಸ್ಪತ್ರೆಯಲ್ಲಿ ಬಾಯಿಂದ ಜೊಲ್ಲು ಸುರಿಸಿಕೊಂಡು ಬಿದ್ದಿದ್ದಳು.

“ನೀಲಿ ಡ್ರಮ್ಮು ಧಣಿ. ಕುತ್ತಿಗೆ ಸುತ್ತ ಎರಡು ಕೆಂಪು ಗೀಟು ಇರೋದು. ಹೋದ ತಿಂಗಳ ಲಾರೀಲಿ ಒಂಬತ್ತು ಬಂದ್ವಲ್ಲ, ಅದ್ರಲ್ಲಿ ಒಂದನ್ನ ನಂಗೆ ಕೊಟ್ರಿ. ಅದ್ರೊಳಗೆ ಮೊದ್ಲು ಏನಿತ್ತು ಅಂತ ಹೆಸರು ಹೇಳಿಬಿಡಿ, ಸಾಕು. ವಿಷದ ಹೆಸರು ಗೊತ್ತಾದ್ರೆ ಮದ್ದು ಕೊಡ್ತೀನಿ ಅಂತಾರೆ ಡಾಕ್ಟರಮ್ಮ. ಮಗು ಹೋಯ್ತು. ಮಗಳಾದ್ರೂ ಉಳೀಲಿ.”

ಹೇಳುತ್ತಲೇ ಅವಳು ಬಗ್ಗಿ ಅವನ ಕಾಲಿಗೆ ಕೈ ಚಾಚಿದಳು. ಸಾಹುಕಾರ ಹಾವು ಕಂಡವನ ಹಾಗೆ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡ. ಪಕ್ಕದಲ್ಲಿದ್ದ ಬೆತ್ತದಿಂದ ಅವಳ ಮುಂಗೈಯನ್ನು ಆಚೆ ತಳ್ಳಿದ.

“ಮುಟ್ಟಬೇಡ. ಆ ಕೈಯಲ್ಲಿ ಏನೇನು ಮೆತ್ತಿಕೊಂಡಿದೆಯೋ ಏನೋ.”

ದೊಡ್ಡಕ್ಕ ಅಲ್ಲಿ ದುಡಿದ ಹದಿನಾಲ್ಕು ವರ್ಷದಲ್ಲಿ ಸಾಹುಕಾರ ಒಂದು ಡ್ರಮ್ಮನ್ನೂ ಕೈಯಿಂದ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲಕ್ಕೂ ಬೆತ್ತವೇ. ಡ್ರಮ್ಮಿಗೂ ಬೆತ್ತ, ಹೆಂಗಸರಿಗೂ ಬೆತ್ತ.

“ಕೇಳಿಲ್ಲಿ,” ಎಂದು ಅವನು ದನಿ ತಗ್ಗಿಸಿದ. “ಆ ಡ್ರಮ್ಮಿನ ಮೇಲೆ ಬಿಳಿ ಸೊನ್ನೆ ಇದೆಯೋ ಇಲ್ವೋ?”

“ಇದೆ ಧಣಿ.”

“ಹಾಕಿದ್ದು ಯಾರು?”

ದೊಡ್ಡಕ್ಕ ಸೀಮೆಸುಣ್ಣ ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ನಿನ್ನ ಮೂಗು ಮೂಸಿತು, ನಿನ್ನ ಕೈ ಬರೀತು. ಪೊಲೀಸರು ಬಂದು ಕೂಸನ್ನ ಕೊಂದೋರು ಯಾರು ಅಂತ ಕೇಳಿದ್ರೆ ನಾನು ಆ ಸೊನ್ನೆ ತೋರಿಸ್ತೀನಿ. ಅಜ್ಜಿ ಜೈಲಿಗೆ ಹೋಗ್ತಾಳೆ. ಬೇಕಾ? ನಾಳೆ ಮಾರಾಟದ ದಿನ. ಬಾಯಿ ಮುಚ್ಕೊಂಡು ಬಂದು ನಿನ್ನ ಜಾಗದಲ್ಲಿ ನಿಲ್ಲು. ನಡಿ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಅವಳ ಕರುಳಿಗೆ ಬೆಂಕಿ ಇಟ್ಟಿತು.

ಕೆಲಸ ಇಷ್ಟೆ. ಕಾರ್ಖಾನೆಗಳು ಬಳಸಿ ಬಿಸಾಡಿದ ಡ್ರಮ್ಮುಗಳು ಲಾರಿಯಲ್ಲಿ ಬಂದು ಅಂಗಳಕ್ಕೆ ಬೀಳುತ್ತಿದ್ದವು. ಬಣ್ಣದ್ದು, ಅಂಟಿನದು, ತೊಗಲು ಹದಮಾಡುವ ನೀರಿನದು, ಬೆಳೆಗೆ ಹೊಡೆಯುವ ಮದ್ದಿನದು. ಹದಿನೈದು ಹೆಂಗಸರು ಅವುಗಳೊಳಗೆ ಕಾದ ನೀರು, ಸೋಡ, ಒಂದು ಬುಟ್ಟಿ ಜಲ್ಲಿಕಲ್ಲು ಸುರಿದು, ಮುಚ್ಚಳ ಬಿಗಿದು, ಕಾಲಿನಿಂದ ಒದ್ದು ಒದ್ದು ಅಂಗಳದ ಈ ತುದಿಯಿಂದ ಆ ತುದಿಗೆ ಉರುಳಿಸುತ್ತಿದ್ದರು. ಹೀಗೆ ತೊಳೆದ ಡ್ರಮ್ಮುಗಳು ಜನರ ಮನೆಗೆ ಕುಡಿಯುವ ನೀರು ತುಂಬಿಡಲು ಹೋಗುತ್ತಿದ್ದವು. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಗಳಲ್ಲಿ ಡ್ರಮ್ಮಿಲ್ಲದವರು ಸಂಸಾರಸ್ಥರೇ ಅಲ್ಲ.

ರಬ್ಬರಿನ ಕೈಗವಸುಗಳು ಇರಲಿಲ್ಲವೆಂದಲ್ಲ. ಇದ್ದವು, ಸಾಹುಕಾರನ ಕೋಣೆಯ ಕಪಾಟಿನಲ್ಲಿ. ತಪಾಸಣೆಯ ಅಧಿಕಾರಿ ಬಂದ ದಿನ ಹೊರಗೆ ಬಂದು, ಅವನು ಚಹಾ ಕುಡಿದು ಹೋದ ಕೂಡಲೇ ಮತ್ತೆ ಒಳಗೆ ಹೋಗುತ್ತಿದ್ದವು. ದೊಡ್ಡಕ್ಕನ ಜೊತೆಗಾತಿ ಕುಳ್ಳಿಯ ಬೆರಳ ತುದಿಗಳು ಸೋಡಕ್ಕೆ ಸವೆದು ನುಣ್ಣಗಾಗಿದ್ದವು. ಹೆಬ್ಬೆಟ್ಟು ಒತ್ತು ಎಂದು ಯಾವ ಕಚೇರಿಯವರು ಹೇಳಿದರೂ ಒತ್ತಲು ಅವಳಿಗೆ ಗೆರೆಯೇ ಉಳಿದಿರಲಿಲ್ಲ. ಇನ್ನೊಬ್ಬಳಿಗೆ ಮೂರು ಬಸಿರು ನಿಲ್ಲಲಿಲ್ಲ. ದೊಡ್ಡಕ್ಕನ ಗಂಡ ದೊಡ್ಡ ತೊಟ್ಟಿಯೊಂದನ್ನು ಕೆರೆಯಲು ಒಳಗಿಳಿದವನು ತಾನಾಗಿ ಹೊರಗೆ ಬರಲಿಲ್ಲ. ಕುಡಿದು ಬಿದ್ದ ಎಂದು ಸಾಹುಕಾರ ಬರೆಸಿದ. ಗಂಡ ಜೀವಮಾನದಲ್ಲಿ ಕುಡಿದವನಲ್ಲ.

ತೊಳೆದ ಡ್ರಮ್ಮು ಕೊನೆಗೆ ಬರುವುದು ದೊಡ್ಡಕ್ಕನ ಮುಂದೆ. ಅವಳು ಅದರ ಬಾಯಿಯೊಳಗೆ ತಲೆ ಹಾಕಿ ಮೂಸುತ್ತಿದ್ದಳು. ವಾಸನೆ ಉಳಿದಿದ್ದರೆ ಕಾಲಲ್ಲಿ ಒದ್ದು ವಾಪಸು. ಇಲ್ಲದಿದ್ದರೆ ಸೀಮೆಸುಣ್ಣದಿಂದ ಒಂದು ಸೊನ್ನೆ. ಅವಳ ಮೂಗು ಅಂಥದ್ದು. ಒಳಗಿದ್ದದ್ದು ಅಂಟೋ ಬಣ್ಣವೋ ಎಂಬುದಿರಲಿ, ತೊಳೆದವಳು ಬೆಳಿಗ್ಗೆ ಏನು ತಿಂದಿದ್ದಳೆಂಬುದನ್ನೂ ಹೇಳುತ್ತಾಳೆ ಎಂದು ಹೆಂಗಸರು ನಗಾಡುತ್ತಿದ್ದರು. ಕೊಳ್ಳುವವರು ಬಂದವರೇ “ಸೊನ್ನೆ ಇದೆಯಾ?” ಎಂದು ಕೇಳುತ್ತಿದ್ದರು. ಅವಳಿಗೆ ಅದೊಂದು ಜಂಬ. ಬಡವರಿಗೂ ಒಂದು ಜಂಬ ಬೇಕಲ್ಲ.

ಆ ಮೂಗು ಸತ್ತು ಏಳು ತಿಂಗಳಾಗಿತ್ತು. ಒಂದು ದಿನ ಒಲೆಯ ಮೇಲಿನ ಈರುಳ್ಳಿ ಕರಕಾಗಿ ಹೊಗೆಯೆದ್ದರೂ ಅವಳಿಗೆ ಗೊತ್ತಾಗಲಿಲ್ಲ. ಮಾರನೆಯ ದಿನ ಸೀಮೆಎಣ್ಣೆಯ ಬಾಟಲಿ ಮೂಸಿ ನೋಡಿದಳು. ಅದೂ ನೀರಿನ ಹಾಗಿತ್ತು. ಕುಳ್ಳಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಉರುಳಿಸುವ ಸಾಲಿಗೆ ಹೋಗಬೇಕು. ಆ ವಯಸ್ಸಿಗೆ ಮೊಣಕಾಲು ಕೇಳುವುದಿಲ್ಲ. ಅವಳು ಉಪಾಯ ಕಲಿತಳು. ತಲೆ ಒಳಗೆ ಹಾಕಿದಂತೆ ಮಾಡಿ ಪಕ್ಕದಲ್ಲಿ ನಿಂತ ಕುಳ್ಳಿಯ ಮುಖ ನೋಡುವುದು. ಕುಳ್ಳಿ ಮೂಗು ಮುರಿದರೆ ವಾಪಸು, ಸುಮ್ಮನಿದ್ದರೆ ಸೊನ್ನೆ. ಎರಡು ಕೆಂಪು ಗೀಟಿನ ಡ್ರಮ್ಮುಗಳು ಬಂದ ವಾರ ಕುಳ್ಳಿಗೆ ನೆಗಡಿಯಾಗಿತ್ತು.

ಕೂಲಿಯವರ ಮನೆಯಲ್ಲಿ ಹೆರಿಗೆಯಾದರೆ ಸಾಹುಕಾರ ಒಂದು ಡ್ರಮ್ಮು ಪುಕ್ಕಟೆ ಕೊಡುವುದು ಅಲ್ಲಿನ ವಾಡಿಕೆ. ಕೂಸಿಗೆ ಮೂರು ತಿಂಗಳು ತುಂಬಿ ಮಗಳು ತನ್ನ ಮನೆಗೆ ಮರಳಿದಾಗ ದೊಡ್ಡಕ್ಕ ತಾನೇ ಆರಿಸಿದಳು. ಹೊಳೆಯುವ ನೀಲಿ, ಎರಡು ಕೆಂಪು ಗೀಟು, ನೋಡಲು ಲಕ್ಷಣ. ಮಗಳ ಮನೆಗೆ ಹೊರಿಸಿಕೊಂಡು ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ ಬಂದಳು. ಅಳಿಯ ಲಾರಿಯ ಕೆಲಸದ ಮೇಲೆ ದೂರ ಹೋಗಿದ್ದ. ಮಗಳಿಗೆ ಎದೆಹಾಲು ಸಾಲದೆ ಕೂಸಿಗೆ ಪುಡಿಹಾಲು ಕಲಸಿ ಕುಡಿಸುತ್ತಿದ್ದಳು.

“ಅಮ್ಮ, ನೀರು ಒಂಥರಾ ಕೊಳೆತ ಬೆಳ್ಳುಳ್ಳಿ ವಾಸನೆ ಬರ್ತಿದೆ,” ಎಂದಳು ಮಗಳು ಮೊದಲ ದಿನವೇ.

ದೊಡ್ಡಕ್ಕ ಡ್ರಮ್ಮಿನೊಳಗೆ ತಲೆ ಹಾಕಿ, ತೆಗೆದು, ನಕ್ಕಳು. “ನನ್ನ ಮೂಗಿಗೆ ಸಿಗದ್ದು ನಿನ್ನ ಮೂಗಿಗೆ ಸಿಕ್ತಾ? ಬಾಣಂತಿ ಮೂಗು ಕಣೇ ಅದು, ಎಲ್ಲಾ ವಾಸನೆ ಬರುತ್ತೆ. ಸುಮ್ನೆ ಕುಡಿ.”

ಮಗಳು ಕುಡಿದಳು. ಅಮ್ಮ ಹೇಳಿದ ಮೇಲೆ ಮುಗಿಯಿತಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ, ಮತ್ತು ಆ ಬೇಲಿ ತಾನೇ ಎಂದು ದೊಡ್ಡಕ್ಕನಿಗೆ ಈಗ ಉಸಿರಾಡುವಾಗಲೆಲ್ಲ ಚುಚ್ಚುತ್ತಿತ್ತು.

ಸಾಹುಕಾರನ ಕೋಣೆಯಿಂದ ಹೊರಬಿದ್ದವಳು ನೀರು ಕಾಯಿಸುವ ಹಂಡೆಯ ಬಳಿ ಹೋದಳು. ಅಲ್ಲಿ ಮೇಸ್ತ್ರಿ ಕೂತು ಡ್ರಮ್ಮುಗಳಿಂದ ಕೆರೆದ ಚೀಟಿಗಳನ್ನು ಒಲೆಗೆ ಹಾಕುತ್ತಿದ್ದ. ಬುರುಡೆಯ ಚಿತ್ರವಿದ್ದ ಚೀಟಿ ಕಂಡರೆ ಕೊಳ್ಳುವವರು ಹೆದರುತ್ತಾರೆಂದು ಲಾರಿ ಬಂದ ದಿನವೇ ಎಲ್ಲವನ್ನೂ ಬ್ಲೇಡಿನಿಂದ ಕೆರೆಯುವುದು ಅವನ ಕೆಲಸ.

“ಕೆಂಪು ಗೀಟಿನದರ ಚೀಟಿ ಒಂದಾದ್ರೂ ಉಳಿದಿದೆಯಾ ಮೇಸ್ತ್ರಿ?”

“ಎಲ್ಲಾ ಅವತ್ತೇ ಉರಿದುಹೋಯ್ತು ದೊಡ್ಡಕ್ಕ. ಓದೋಣ ಅಂದ್ರೆ ಆ ಅಕ್ಷರ ನಂಗೆ ಬರಲ್ಲ. ಕಾರ್ಖಾನೆಯೋರ ಜೊತೆ ಮಾತಾಡೋದು ಧಣಿ ಒಬ್ರೇ. ಅವರಿಗೆ ಒಂದೊಂದರ ಹೆಸರೂ ಬಾಯಲ್ಲೇ ಇದೆ.” ಅವನು ಸುತ್ತ ನೋಡಿ ದನಿ ಇಳಿಸಿದ. “ಅವರು ಹೇಳಲ್ಲ ಬಿಡು. ಹೇಳಿದ್ರೆ ಅವರ ಕುತ್ತಿಗೆಗೇ ಬರುತ್ತೆ. ಉಳಿದ ಎಂಟನ್ನ ನಾಳೆ ಮಾರಿಬಿಡು ಅಂದಿದಾರೆ.”

ಕುಳ್ಳಿ ಡ್ರಮ್ಮು ಉರುಳಿಸುತ್ತ ಹತ್ತಿರ ಬಂದಳು. ಅತ್ತೂ ಅತ್ತೂ ಅವಳ ಕಣ್ಣು ಊದಿಕೊಂಡಿದ್ದವು. ನೆಗಡಿ ಬಂದದ್ದು ತನ್ನ ತಪ್ಪೆಂದೇ ಅವಳು ತಿಳಿದಿದ್ದಳು.

“ಹೇಳಲ್ವಂತಾ ಬೋಳಿಮಗ?” ಎಂದಳು.

“ಇಲ್ಲ.”

“ಉಪ್ಪು ತಿಂದವನು ನೀರು ಕುಡೀಲೇಬೇಕು ದೊಡ್ಡಕ್ಕ. ಎಲ್ಲಿಗೆ ಹೋಗ್ತಾನೆ.” ಅವಳು ಡ್ರಮ್ಮನ್ನು ಒದ್ದು ಮುಂದೆ ಹೋದಳು.

ಸಂಜೆ ಆಸ್ಪತ್ರೆಯಲ್ಲಿ ಮಗಳ ಕಣ್ಣುಗಳನ್ನು ನೋಡಲು ದೊಡ್ಡಕ್ಕನಿಗೆ ಧೈರ್ಯ ಸಾಲಲಿಲ್ಲ. ಕಣ್ಣಪಾಪೆ ಸಾಸಿವೆಕಾಳಷ್ಟಾಗಿತ್ತು. ಕೆನ್ನೆಯ ಮಾಂಸ ತಾನೇ ತಾನಾಗಿ ಅದುರುತ್ತಿತ್ತು. ಕೂಸು ಹೋದ ಸುದ್ದಿ ಅವಳಿಗೆ ಹೇಳಿರಲಿಲ್ಲ. ಅಳಿಯ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದ. ಅತ್ತೆಯ ಮುಖ ನೋಡಲಿಲ್ಲ.

ಡಾಕ್ಟರಮ್ಮ ಬೇಸತ್ತ ದನಿಯಲ್ಲಿ, ಆದರೆ ಬಿಡಿಸಿ ಹೇಳಿದರು. “ಉಸಿರು ನಿಲ್ಲದ ಹಾಗೆ ಏನು ಕೊಡಬೇಕೋ ಕೊಡ್ತಿದೀವಿ. ಅದು ಸಾಲ್ತಿಲ್ಲಮ್ಮ. ಇನ್ನೊಂದು ಮದ್ದಿದೆ, ಆದ್ರೆ ಈ ಥರದ ವಿಷ ಎರಡು ಜಾತಿ. ಒಂದಕ್ಕೆ ಆ ಮದ್ದು ಜೀವ ಉಳಿಸುತ್ತೆ, ಇನ್ನೊಂದಕ್ಕೆ ಅದೇ ಮುಳುವಾಗಬಹುದು. ರಕ್ತ ಪರೀಕ್ಷೆಗೆ ಕಳಿಸಿದೀವಿ, ಬರೋಕೆ ಎಂಟು ದಿನ. ಅಷ್ಟು ದಿನ ಇವಳ ಹತ್ರ ಇಲ್ಲ. ನಾಳೆ ಮಧ್ಯಾಹ್ನದೊಳಗೆ ಹೆಸರು ತನ್ನಿ.”

ದೊಡ್ಡಕ್ಕ ಮಗಳ ಕಾಲಬಳಿ ನಿಂತೇ ಇದ್ದಳು. ಸಾಹುಕಾರನ ಕತ್ತು ಹಿಸುಕಬೇಕೆಂದು ಅನ್ನಿಸಿತು. ಹಿಸುಕಿದರೆ ಹೆಸರು ಹೊರಗೆ ಬರುವುದಿಲ್ಲ, ಉಸಿರು ಮಾತ್ರ ಹೋಗುತ್ತದೆ. ಅವಳಿಗೆ ಬೇಕಾದದ್ದು ಹೆಸರು. ಅವನು ತನ್ನ ಬಾಯಿಂದ ತಾನೇ ಕೂಗಿ ಹೇಳಬೇಕು. ಯಾರಿಗಾಗಿ ಹೇಳುತ್ತಾನೆ ಆ ನಾಯಿ? ಯಾರಿಗಾಗಿಯೂ ಅಲ್ಲ. ತನಗಾಗಿ ಹೇಳಿಯಾನು.

ಮಾರಾಟದ ದಿನ ಅಂಗಳದಲ್ಲಿ ಒಂದು ಆಟ ನಡೆಯುತ್ತಿತ್ತು. ಕೊಳ್ಳುವವರೆಲ್ಲ ಸೇರಿದ ಮೇಲೆ ಸಾಹುಕಾರ ಎದ್ದು ನಿಂತು, ತಾನು ಮಾರುವ ಡ್ರಮ್ಮಿನ ನೀರನ್ನು ಎಲ್ಲರೆದುರು ಕುಡಿಯುತ್ತಿದ್ದ. ತಂದುಕೊಡುವವಳು ದೊಡ್ಡಕ್ಕ. ಆ ನೀರು ಬರುತ್ತಿದ್ದುದು ಮಾತ್ರ ಒಂದೇ ಡ್ರಮ್ಮಿನಿಂದ. ತಗಡಿನ ಮರೆಯಲ್ಲಿ ನೆರಳಲ್ಲಿಟ್ಟ, ಒಳಗೆ ಒಂದು ದಿನವೂ ಏನನ್ನೂ ತುಂಬದ ಹೊಚ್ಚಹೊಸ ಡ್ರಮ್ಮು. ಹಳೆಯದರಂತೆ ಕಾಣಲೆಂದು ಮರಳು ಹಾಕಿ ಅದರ ಮೈಯೆಲ್ಲ ಗೀರಿದವಳೂ ದೊಡ್ಡಕ್ಕನೇ. ಹೆಂಗಸರು ಅದನ್ನು ಮದುಮಗ ಎಂದು ಕರೆಯುತ್ತಿದ್ದರು. ಕೆಲಸವಿಲ್ಲ, ಬರೀ ಉಪಚಾರ. ಅವಳೂ ಅದಕ್ಕೆ ನಕ್ಕಿದ್ದಳು. ಎಷ್ಟೋ ಮನೆಗಳವರು ಆ ಲೋಟ ನಂಬಿ, ಅವಳ ಸೊನ್ನೆ ನಂಬಿ, ಡ್ರಮ್ಮು ಉರುಳಿಸಿಕೊಂಡು ಹೋಗಿದ್ದರು. ಅವರ ಕೂಸುಗಳ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ದೊಡ್ಡಕ್ಕ ಎಲ್ಲರಿಗಿಂತ ಮೊದಲು ಬಂದಳು. ಮೈ ತೊಳೆದು ಒಗೆದ ಬಟ್ಟೆ ಉಟ್ಟಿದ್ದಳು. ಸಾಹುಕಾರ ಅವಳನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದ.

“ಬುದ್ಧಿ ಬಂತು ಅನ್ನು.”

“ಬಂತು ಧಣಿ.”

“ಹೋದದ್ದು ಹೋಯ್ತು. ಮಗಳು ಚಿಕ್ಕೋಳು, ಬದುಕಿದ್ರೆ ಇನ್ನೊಂದು ಹೆರ್ತಾಳೆ.”

ದೊಡ್ಡಕ್ಕ ಹೂಂ ಎಂದಳು. ಹಲ್ಲು ಕಚ್ಚಿದ್ದರಿಂದ ಹೂಂ ಎನ್ನುವುದಷ್ಟೇ ಸಾಧ್ಯವಿತ್ತು.

ಶಾಲೆಯ ಅಡುಗೆಯವಳು ಬಂದಿದ್ದಳು, ಹೋಟೆಲಿನವನು ಬಂದಿದ್ದ, ಟೆಂಪೋದಲ್ಲಿ ನೀರು ಮಾರುವವನು ಬಂದಿದ್ದ, ಹೊಸದಾಗಿ ಸಂಸಾರ ಹೂಡಿದ ಗಂಡಹೆಂಡತಿ ಕೈ ಕೈ ಹಿಡಿದು ನಿಂತಿದ್ದರು. ಎರಡು ಕೆಂಪು ಗೀಟಿನ ಎಂಟು ಡ್ರಮ್ಮುಗಳು ಮುಂದಿನ ಸಾಲಿನಲ್ಲೇ ಇದ್ದವು. ಶಾಲೆಯ ಅಡುಗೆಯವಳು ಆಗಲೇ ಎರಡರ ಮೇಲೆ ಕೈಯಿಟ್ಟಿದ್ದಳು.

“ನೀರು ತಾರಮ್ಮ,” ಎಂದ ಸಾಹುಕಾರ. ಮಾರಾಟದ ದಿನ ಮಾತ್ರ ಅವನು ಅಮ್ಮ ಎನ್ನುತ್ತಿದ್ದ.

ದೊಡ್ಡಕ್ಕ ತಗಡಿನ ಮರೆಗೆ ಹೋದಳು. ಕೈಗೆ ಸೋಪು ಹಚ್ಚಿ ತೊಳೆದಳು. ಸ್ಟೀಲಿನ ಲೋಟ ತುಂಬಿ ತಟ್ಟೆಯಲ್ಲಿಟ್ಟುಕೊಂಡು ತಂದಳು. ಅವಳ ಕೈಯಿಂದ ಅವನು ನೇರವಾಗಿ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಅದಕ್ಕೇ ತಟ್ಟೆ.

ಸಾಹುಕಾರ ಲೋಟ ಎತ್ತಿ ಎಲ್ಲರಿಗೂ ತೋರಿಸಿದ. “ನೋಡಿ, ಬಾಯಲ್ಲಿ ಹೇಳೋನಲ್ಲ ನಾನು, ಕುಡಿದು ತೋರಿಸೋನು. ನಮ್ಮ ಡ್ರಮ್ಮಿನ ನೀರನ್ನ ಹಸುಗೂಸೂ ಕುಡೀಬಹುದು.” ಎಂದು ಗಟಗಟ ಕುಡಿದ. ಗಂಟಲಿನ ಉಬ್ಬು ಮೇಲೆ ಕೆಳಗೆ ಆಡುವುದನ್ನು ದೊಡ್ಡಕ್ಕ ನೋಡುತ್ತ ನಿಂತಳು. ತಳದಲ್ಲಿ ಎರಡು ಗುಟುಕು ಬಿಟ್ಟು ಅವನು ಲೋಟವನ್ನು ತಟ್ಟೆಗಿಟ್ಟ, ಮೀಸೆ ಒರೆಸಿಕೊಂಡ.

“ಧಣಿ,” ಎಂದಳು ದೊಡ್ಡಕ್ಕ. ಹಿಂದಿನ ಸಾಲಿನವರಿಗೂ ಕೇಳುವಷ್ಟು ದನಿ. “ಹದಿನಾಲ್ಕು ವರ್ಷದಿಂದ ತಗಡಿನ ಹಿಂದಿರೋ ಹೊಸ ಡ್ರಮ್ಮಿನ ನೀರು ತಂದುಕೊಡ್ತಿದ್ದೆ. ಇವತ್ತು ಅದನ್ನ ತರಲಿಲ್ಲ.”

“ಏನು?”

“ಎರಡು ಕೆಂಪು ಗೀಟಿಂದು ತಂದೆ. ನನ್ನ ಮೊಮ್ಮಗ ಕುಡಿದದ್ದೇ. ಅವನು ಮೊನ್ನೆ ಸತ್ತ. ಮಗಳು ಸಾಯ್ತಿದಾಳೆ.”

ಶಾಲೆಯ ಅಡುಗೆಯವಳು ಡ್ರಮ್ಮಿನ ಮೇಲಿಂದ ಕೈ ತೆಗೆದಳು. ಸಾಹುಕಾರನ ಮುಖದ ರಕ್ತ ಇಳಿದುಹೋಯಿತು. ಅವನು ನಾಲ್ಕು ಬೆರಳನ್ನೂ ಗಂಟಲಿಗೆ ತುರುಕಿ, ಅಲ್ಲೇ, ಎಲ್ಲರ ಕಾಲಬಳಿ ಕಾರಿಕೊಂಡ. ಬೆತ್ತ ಎಲ್ಲಿ ಬಿತ್ತೋ ಅವನಿಗೆ ಗೊತ್ತಿಲ್ಲ. ಯಾವ ಡ್ರಮ್ಮಿನೊಳಗೂ ಬಗ್ಗದವನು ಈಗ ಸೋಡ ಹರಿಯುವ ನೆಲದ ಮೇಲೆ ಮೊಣಕಾಲೂರಿ ಕೂತಿದ್ದ.

“ಗಾಡಿ ತೆಗಿಯೋ ಮೇಸ್ತ್ರಿ. ಆಸ್ಪತ್ರೆಗೆ ಫೋನ್ ಮಾಡೋ. ಪೆಂಟ್ರೋಫಾಸ್ ಅಂತ ಹೇಳು, ಮದ್ದು ತಯಾರಿಟ್ಟಿರಲಿ.”

“ಪೆಂಟು ಏನು ಧಣಿ?”

“ಪೆಂಟ್ರೋಫಾಸ್ ಕಣೋ ಸೂಳೆಮಗನೆ. ಪೆಂ, ಟ್ರೋ, ಫಾಸ್. ಹುಳಕ್ಕೆ ಹೊಡೆಯೋದು. ಬೇಗ ಹೇಳೋ.”

ಮೇಸ್ತ್ರಿ ತಪ್ಪಿದ, ಅವನು ತಿದ್ದಿದ. ಮತ್ತೆ ತಪ್ಪಿದ, ಮತ್ತೆ ತಿದ್ದಿದ. ಮೇಸ್ತ್ರಿ ಅಷ್ಟು ದಡ್ಡನಲ್ಲವೆಂದು ದೊಡ್ಡಕ್ಕನಿಗೆ ಆಮೇಲೆ ಹೊಳೆಯಿತು. ಅವಳು ಕೆಂಪು ಗೀಟಿನ ಡ್ರಮ್ಮೊಂದರ ಮುಚ್ಚಳ ಕಿತ್ತು, ತನ್ನ ಸೀಮೆಸುಣ್ಣವನ್ನು ಶಾಲೆಯ ಅಡುಗೆಯವಳಿಗೆ ಕೊಟ್ಟಳು.

“ಇದ್ರ ಮೇಲೆ ಬರಿಯಮ್ಮ. ದೊಡ್ಡದಾಗಿ ಬರಿ.”

ಅಡುಗೆಯವಳು ಪೆಂ, ಟ್ರೋ, ಫಾಸ್ ಎಂದು ಬಿಡಿಸಿ ಬರೆದಳು. ಸಾಹುಕಾರನ ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು. ನೀರು ಮಾರುವವನು ತನ್ನ ಟೆಂಪೋದ ಬಾಗಿಲು ತೆರೆದ.

ಕುಳ್ಳಿ ಓಡಿಬಂದು ದೊಡ್ಡಕ್ಕನ ತೋಳು ಹಿಡಿದಳು. “ನಿಜವಾಗ್ಲೂ ಆ ನೀರೇನಾ ದೊಡ್ಡಕ್ಕ?”

ದೊಡ್ಡಕ್ಕ ತಟ್ಟೆಯ ಮೇಲಿನ ಲೋಟ ಎತ್ತಿ, ಉಳಿದ ಎರಡು ಗುಟುಕನ್ನು ತಾನು ಕುಡಿದಳು. “ಮದುಮಗನದೇ ಕಣೇ.”

“ಮತ್ತೆ ಅವನಿಗೆ ಹೇಳ್ಬೇಕಿತ್ತಲ್ಲ.”

“ಹೇಳಲ್ಲ. ದಾರಿಯುದ್ದಕ್ಕೂ ಸಾಯ್ತಾ ಹೋಗ್ಲಿ. ಕೂಸು ಎರಡು ಹಗಲು ಒದ್ದಾಡ್ತು.” ಅವಳು ಮುಚ್ಚಳವನ್ನು ಎದೆಗವಚಿಕೊಂಡು ಟೆಂಪೋ ಹತ್ತಿದಳು. “ನೀನು ಒಂದು ಕೆಲಸ ಮಾಡು. ಅಂಗಳದಲ್ಲಿರೋ ಸೊನ್ನೆ ಎಲ್ಲಾ ಅಳಿಸು. ಒಂದೂ ಉಳೀಬಾರ್ದು.”

ಅವಳು ತಲುಪಿದಾಗ ಸಾಹುಕಾರನನ್ನು ಬಾಗಿಲ ಬಳಿಯ ಮಂಚದ ಮೇಲೆ ಮಲಗಿಸಿದ್ದರು. ಬೆವರಿಗೆ ಅಂಗಿ ಮೈಗಂಟಿತ್ತು. ಪಕ್ಕದಲ್ಲಿ ನರ್ಸು ಸೂಜಿಗೆ ಮದ್ದು ಎಳೆಯುತ್ತಿದ್ದಳು. ಮಗಳ ಮಂಚ ಸಾಲಿನ ಕೊನೆಯಲ್ಲಿತ್ತು. ಅಲ್ಲಿ ಅಳಿಯ ಹಾಗೆಯೇ ಕೂತಿದ್ದ.

ದೊಡ್ಡಕ್ಕ ಮುಚ್ಚಳವನ್ನು ಡಾಕ್ಟರಮ್ಮನ ಕೈಗೆ ಕೊಟ್ಟಳು. “ಹೆಸರು ತಂದಿದೀನಿ. ಮೊದ್ಲು ನನ್ನ ಮಗಳಿಗೆ.”

ಡಾಕ್ಟರಮ್ಮ ಓದಿದರು. ಸಾಹುಕಾರನತ್ತ ನೋಡಿ, ಅವನ ಕಣ್ಣರೆಪ್ಪೆ ಬಿಡಿಸಿ ದೀಪ ಹಾಕಿದರು. ಅವರ ಹುಬ್ಬು ಗಂಟಿಕ್ಕಿತು. “ಕಣ್ಣು ಸರಿಯಾಗೇ ಇದೆಯಲ್ಲ. ಇವರೂ ಅದನ್ನೇ ಕುಡಿದಿದಾರಂತೆ. ಹೌದೇನಮ್ಮ?”

ಸಾಲಿನಲ್ಲಿದ್ದ ರೋಗಿಗಳು, ಅವರ ಕಡೆಯವರು, ಮೇಸ್ತ್ರಿ, ಹಿಂದೆಯೇ ಬಂದ ನೀರು ಮಾರುವವನು ಎಲ್ಲರೂ ಅವಳನ್ನು ನೋಡಿದರು.

“ಅವರು ಕುಡಿದದ್ದು ಅವರ ಡ್ರಮ್ಮಿನ ನೀರು ಡಾಕ್ಟರಮ್ಮ,” ಎಂದಳು ದೊಡ್ಡಕ್ಕ. “ಏನೂ ಆಗಲ್ಲ. ಹಸುಗೂಸೂ ಕುಡೀಬಹುದು ಅಂತ ಹದಿನಾಲ್ಕು ವರ್ಷದಿಂದ ಅವರೇ ಹೇಳ್ತಿದಾರೆ.”

“ಸುಳ್ಳು,” ಸಾಹುಕಾರ ಮಂಚದಿಂದ ಅರ್ಧ ಎದ್ದು ಕಿರುಚಿದ. “ಅದು ವಿಷ ಕಣ್ರೀ. ಆ ಡ್ರಮ್ಮಲ್ಲಿ ವಿಷ ಇತ್ತು. ನಂಗೆ ಗೊತ್ತಿತ್ತು. ನಂಗೆ ಕೊಡ್ರೀ ಮದ್ದು.”

ಡಾಕ್ಟರಮ್ಮ ನರ್ಸಿನ ಕೈಯಿಂದ ಸೂಜಿ ತೆಗೆದುಕೊಂಡು ಸಾಲಿನ ಕೊನೆಯ ಮಂಚದ ಕಡೆಗೆ ಬೇಗ ಬೇಗ ನಡೆದರು. ದೊಡ್ಡಕ್ಕ ಅವರ ಹಿಂದೆ ಹೋಗಲಿಲ್ಲ. ಸಾಹುಕಾರನ ಮಂಚದ ಹತ್ತಿರ ಬಂದು, ಸೋಡಕ್ಕೆ ಸುಲಿದ ತನ್ನ ಎರಡೂ ಅಂಗೈಗಳನ್ನು ಅವನ ಕೆನ್ನೆಗಳ ಮೇಲಿಟ್ಟು, ಅವನ ಮುಖವನ್ನು ಜನರ ಕಡೆಗೆ ತಿರುಗಿಸಿದಳು.

“ಇನ್ನೊಂದ್ಸಲ ಹೇಳಿ ಧಣಿ,” ಎಂದಳು. “ಹಿಂದೆ ಇರೋರಿಗೆ ಕೇಳಿಸಲಿಲ್ಲ.”